ಹೂವು ಯಾರಿಗೆ ಬಿತ್ತು

ನಮ್ಮ ಮನ್ಯಾಗ ಪ್ರಸಾದ ಕೇಳಲಾರದ ಏನೂ ನಡಿಯೂದಿಲ್ಲ. ಹಂಗಂತ ನಾವೇನು ಸಾಲಿ ಮೆಟ್ಟಲಾ ಹತ್ತದ ಮಂದಿ ಅಂತ ತಿಳಕೋಬ್ಯಾಡ್ರಿ. ನಾನು ಧಾರವಾಡದಾಗ ಸಾಲಿ ಟೀಚರ್ ಆಗಿ ರಿಟೈರ್ ಆದಾಕಿ. ನಮ್ಮನಿಯವರು ಕಾಳಿನ ದಲಾಲಿ ಅಂಗಡಿ ಇಟ್ಟು, ನಾಲ್ಕು ಮಂದಿ ಹೌದು ಅನ್ನೂ ಹಂಗ ವ್ಯಾಪಾರ ಮಾಡಿದವರು. ಆದ್ರೂ ಬೋರು ಹೊಡಸಬೇಕಂದ್ರ ಪ್ರಸಾದ, ಕಾರು ತರಬೇಕಂದ್ರ ಪ್ರಸಾದ, ಕನ್ಯಾ ನೋಡಾಕ ಹೋಗಬೇಕಂದ್ರ ಪ್ರಸಾದ. ನಾ ಹೊಸದಾಗಿ ಸೇರು ಒದ್ದು ಈ ಮನಿಗೆ ಬಂದಾಗ ಫ್ರಿಜ್ ತರೂ ಮಾತು ನಡದಿತ್ತು. ಅದಕ್ಕೂ ಕೇಳಿದ್ರು. ಎಡಕ್ಕ ಆತು. ಎಷ್ಟೋ ವರ್ಷ ನಾವು ಗಡಿಗಿ ನೀರ ಕುಡದ್ವಿ.

ಗಬ್ಬೂರ ದಾಟಿ ಬೈಪಾಸಿನ ಕೆಳಗ ಇಳದ್ರ ಹೊಲದ ನಡುವ ನಮ್ಮ ಮನಿದೇವರ ಗುಡಿ ಐತಿ. ಸಣ್ಣದು. ಪೂಜಾರಿ ಅಯ್ಯನವರು ದೇವರ ಮೈ ತೊಳದು, ಹಸಿ ಇದ್ದಾಗನ ಎರಡೂ ಭುಜಕ್ಕ ಒಂದೊಂದು ಹೂವು ಹಚ್ತಾರ. ನಾವು ಮುಂದ ಕುಂತು ಕೇಳೂದನ್ನ ಕೇಳಬೇಕು. ಬಲಗಡೆ ಹೂವು ಮೊದಲ ಬಿದ್ರ ಹೂಂ. ಎಡಗಡೆ ಬಿದ್ರ ಬ್ಯಾಡ. ಯಾವ ಹೂವೂ ಬೀಳಲಿಲ್ಲಂದ್ರ ಇವತ್ತು ದೇವರಿಗೆ ಮಾತಾಡೂ ಮನಸ್ಸಿಲ್ಲ, ಎದ್ದು ಕೈಮುಗದು ಬರಬೇಕು.

ಇದಕ್ಕ ಎರಡು ಕಟ್ಟಳಿ ನಮ್ಮತ್ತಿ ಹಾಕಿಕೊಟ್ಟು ಹೋಗ್ಯಾರ. ಒಂದು, ಕೇಳೂದನ್ನ ಬಾಯಿ ಬಿಟ್ಟು ಕೇಳಬಾರದು, ಮನಸ್ಸಿನ್ಯಾಗ ಕೇಳಬೇಕು. "ದೇವರಿಗೆ ಕಿವಿ ಅದಾವ, ನೀ ಯಾಕ ಒದರ್ತಿ?" ಅಂತಿದ್ರು. ಇನ್ನೊಂದು, ಒಂದು ಮಾತನ್ನ ಒಂದ ಸಲ ಕೇಳಬೇಕು. ಕೊಟ್ಟ ಮ್ಯಾಲ ತಿರುಗಿ ಕೇಳಿದ್ರ ದೇವರನ್ನ ನಂಬಲಿಲ್ಲ ಅಂತಾತು. ಕಟ್ಟಳಿ ಹಾಕಿದಾಕಿ ಹೋದ್ಲು, ಅದರಾಗ ಸಿಕ್ಕೊಂಡಾಕಿ ನಾನು.

ನಮಗಿರಾಕಿ ಒಬ್ಬಾಕಿನ ಮಗಳು. ಸತ್ತೂರಿನ ದವಾಖಾನ್ಯಾಗ ಫಿಜಿಯೋಥೆರಪಿ ಕೆಲಸ ಮಾಡ್ತಾಳ. ಅಕಿನ್ನ ಹಳೇ ಹುಬ್ಬಳ್ಳಿಗೆ ಕೊಟ್ಟೇವಿ, ಅರಿವಿ ಅಂಗಡಿ ಇದ್ದ ಮನಿತನ. ಆ ಲಗ್ನಕ್ಕೂ ಪ್ರಸಾದ ಕೇಳಿದ್ವಿ, ಹಚ್ಚೂದರೊಳಗ ಬಲಕ್ಕ ಬಿದ್ದಿತ್ತು. ಹೋದ ವರ್ಷ ಪಂಚಮಿಗೆ ತವರಿಗೆ ಬಂದ್ಲು. ನಾನು ಶೇಂಗಾದ ಉಂಡಿ, ಎಳ್ಳುಂಡಿ ಕಟ್ಟಿಟ್ಟಿದ್ದೆ. ಹಬ್ಬ ಆತು. ಉಂಡಿ ಡಬ್ಬಿ ತಳಾ ಕಂಡ್ತು. ಅಕಿ ಹೊಳ್ಳಿ ಹೋಗೂ ಮಾತ ಎತ್ತಲಿಲ್ಲ. ದಿನಾ ಮುಂಜಾನೆ ಇಲ್ಲಿಂದ ಸತ್ತೂರಿಗೆ ಹೋಗ್ತಿದ್ಲು, ಸಂಜಿಗೆ ಇಲ್ಲಿಗೇ ಬರ್ತಿದ್ಲು.

ಒಂದಿನ ರೊಟ್ಟಿ ಬಡಿಯೂವಾಗ ಕೇಳಿದೆ, "ಏನಾಗೇತಿ ಹೇಳವಾ."

"ಮಾತಾಡೂದಿಲ್ಲವ್ವಾ."

"ಯಾರು?"

"ಯಾರಂದ್ರ? ಅಂವ."

ಆಮ್ಯಾಲ ನಿಧಾನಕ್ಕ ಬಿಚ್ಚಿದ್ಲು. ಅಂವ ಹೊಡಿಯೂದಿಲ್ಲ, ಬೈಯೂದಿಲ್ಲ, ಕುಡಿಯೂದಿಲ್ಲ. ಮನಸ್ಸಿಗೆ ಏನರ ಹತ್ತಿತಂದ್ರ ಮಾತು ಬಿಡ್ತಾನಂತ. ಮೊದಲ ಒಂದಿನ, ಎರಡು ದಿನ ಇತ್ತು. ಆಮ್ಯಾಲ ವಾರ ಆತು. ಈ ಸಲ ಯುಗಾದಿಗೆ ಬೇವು ಬೆಲ್ಲ ಕೊಟ್ಟಾಗ ಒಂದು ಮಾತು ಆಡಿದ್ದನಂತ, ಕಾರಹುಣ್ಣಿವಿ ಬಂದು ಹೋದ್ರೂ ಇನ್ನೊಂದು ಇಲ್ಲ. ಚಾ ಬೇಕಂದ್ರ ತಾಯಿಗೆ ಹೇಳ್ತಾನಂತ, "ಅಕಿಗೆ ಚಾ ಮಾಡಂತ ಹೇಳು." ಅಕಿ ಅಲ್ಲೇ ಎದುರಿಗೇ ನಿಂತಿರ್ತಾಳ. ಅಂಗಡ್ಯಾಗ ಮಾತ್ರ ಗಿರಾಕಿ ಮುಂದ ಸೀರಿ ಹಾಸಿ ಹಾಸಿ ಹರಳು ಹುರಿದ್ಹಂಗ ಮಾತಾಡ್ತಾನಂತ.

"ನಾ ಇದ್ದೇನೋ ಇಲ್ಲೋ ಅಂತ ನನಗ ಸಂಶೇ ಬರಾಕತ್ತೇತಿ," ಅಂದ್ಲು. ಹೊಟ್ಟಿ ಉರೀತು ನನಗ. ಹೆಂಚಿನ ಮ್ಯಾಲಿನ ರೊಟ್ಟಿನೂ ಸೀದು ಹೋತು.

ಆದ್ರ ಇದನ್ನ ಯಾರಿಗೆ ಹೇಳೂದು? ಹೊಡದಾನ ಅಂದ್ರ ನಾಲ್ಕು ಮಂದಿ ಕೂಡಿಸಬಹುದು. ಮಾತಾಡೂದಿಲ್ಲ ಅಂದ್ರ ಮಂದಿ ನಗ್ತಾರ. ಬಾಜೂ ಮನಿಯಾಕಿಗೆ ಹೇಳಿದ್ದಕ್ಕ, "ಅಯ್ಯ, ನಮ್ಮನಿಯವರಿಗೂ ಅದನ್ನಷ್ಟು ಕಲಸ್ರಿ ಅಂತ ಹೇಳ್ರಿ ನಿಮ್ಮ ಅಳಿಯಾಗ," ಅಂದು ನಕ್ಕಳು. ನಾನೂ ನಕ್ಕೆ. ಏನ್ ಮಾಡ್ಲಿ!

ನಮ್ಮನಿಯವರಿಗೆ ಹೇಳಿದಾಗ ಅವರು ಚಸ್ಮಾ ತಗದು ಒರಸಿ ಮತ್ತ ಹಾಕ್ಕೊಂಡ್ರು. "ಅಲ್ಲ, ಮಾತಾಡಲಾರದ್ದಕ್ಕ ಯಾರರ ಬಾಳೇ ಬಿಡ್ತಾರೇನು? ಹುಡುಗ ಛಲೋ ಅದಾನ." ಅವರು ಕೆಟ್ಟವರಲ್ಲ, ಮಗಳಂದ್ರ ಜೀವಾ. ಅಕಿ ಡ್ಯೂಟಿ ಮುಗಿಸಿ ಬರೂ ಹೊತ್ತಿಗೆ ತಾವ ಹೋಗಿ ಸ್ಟಾಪಿನ್ಯಾಗ ನಿಂದರೂ ಮನಶಾ. ಆದ್ರ ಅಕಿ ಕಣ್ಣೀರು ನೋಡಿದ್ರ ಅವರಿಗೆ ಏನ್ ಮಾಡಬೇಕಂತ ತಿಳಿಯೂದಿಲ್ಲ, ತಿಳಿಯಲಾರದ್ದನ್ನೆಲ್ಲಾ ತಂದು ದೇವರ ಮುಂದ ಇಡ್ತಾರ. "ಶ್ರಾವಣ ನಡದೈತಿ. ಸೋಮವಾರ ಹೋಗಿ ಪ್ರಸಾದ ಕೇಳೂಣು. ದೇವರು ಹೆಂಗ ಹೇಳ್ತಾನ ಹಂಗ," ಅಂದ್ರು.

ಮಗಳೂ ಹೂಂ ಅಂದ್ಲು. ನೀವು ಏನರ ತಿಳಕೊಳ್ರಿ, ಅಕಿ ನಂಬಿಕಿ ನಮ್ಮಿಬ್ಬರಕಿಂತ ಗಟ್ಟಿ. ದವಾಖಾನ್ಯಾಗ ದಿನಾ ಮಂದಿ ಕೈಕಾಲು ಎಬ್ಬಿಸಿ ನಡಸಾಕಿ, ಮನಿಗೆ ಬಂದ್ರ ಲಿಂಗಪೂಜಿ ಆಗಲಾರದ ಒಂದು ಗುಟುಕು ಚಾ ಕುಡಿಯೂದಿಲ್ಲ.

ಸೋಮವಾರ ಹೋದ್ವಿ. ಗುಡ್ಯಾಗ ಮಂದಿ ಕಡಿಮಿ ಇದ್ರು. ಅಯ್ಯನವರು ನೀರು ಹಾಕಿ, ಎರಡು ಬಿಳೇ ಸೇವಂತಿಗಿ ಹಚ್ಚಿ, "ಮನಸ್ಸಿನ್ಯಾಗ ಕೇಳ್ಕೋರಿ," ಅಂದು ಬಾಜೂಕ ಸರದು ನಿಂತ್ರು. ನಮ್ಮನಿಯವರು ನಡುವ, ಆ ಕಡೆ ಮಗಳು, ಈ ಕಡೆ ನಾನು. ಮೂವರೂ ಕಣ್ಣು ಮುಚ್ಚಿ ಕುಂತ್ವಿ.

ನಾ ಏನ್ ಕೇಳಬೇಕು? ಖರೇ ಹೇಳ್ತೇನಿ, ನನಗ ಎರಡೂ ಬ್ಯಾಡಾಗಿತ್ತು. ಹೋಗು ಅಂತ ಆದ್ರ ಅಕಿ ಆ ಮನ್ಯಾಗ ಗ್ವಾಡಿ ಕೂಡ ಬಾಳೇ ಮಾಡಬೇಕು. ಇರು ಅಂತ ಆದ್ರ ಬೀಗರು, ಮಂದಿ, ಪಂಚಾಯ್ತಿ, ನಮ್ಮಿಬ್ಬರ ಹಿಂದ ಅಕಿ ಒಬ್ಬಾಕಿ. ಹಬ್ಬಕ್ಕ ಬಂದ ಮಗಳು ಹಬ್ಬಕ್ಕ ಬಂದ್ಹಂಗ ಇನ್ನೊಂದೀಟು ದಿನ ಇರ್ಲಿ, ಯಾರೂ ಏನೂ ಕೇಳದಿರ್ಲಿ ಅನಸ್ತು. "ಅಪ್ಪಾ, ಇವತ್ತು ಏನೂ ಹೇಳಬ್ಯಾಡೋ. ಯಾವ ಹೂವೂ ಕೆಡವಬ್ಯಾಡ," ಅಂತ ಕೇಳಿಕೊಂಡೆ.

ಕಣ್ಣು ತೆಗಿಯೂದರೊಳಗ ಬಲಗಡೆ ಹೂವು ಬಿತ್ತು.

ಬಾಜೂಕ ಇಬ್ಬರೂ ಒಮ್ಮೆಲೆ ಉಸಿರು ಬಿಟ್ಟದ್ದು ಕೇಳ್ತು. ನಮ್ಮನಿಯವರು ಎರಡೂ ಕೈಲೆ ಗಲ್ಲಾ ಬಡಕೊಂಡ್ರು. ಮಗಳು ಕಣ್ಣೊರಸಿಕೊಂಡು ನಕ್ಕಳು. ಪಂಚಮಿಗೆ ಬಂದಾಗಿಂದ ಅಕಿ ಹಲ್ಲು ಕಂಡದ್ದು ಅವತ್ತ ಮೊದಲು. ನಾನೊಬ್ಬಾಕಿ ಕೈಮುಗಿಯೂದನ್ನೂ ಮರತೆ.

ಬರೂ ದಾರ್ಯಾಗ ಗಿರಮಿಟ್ಟು, ಮಿರ್ಚಿ ತಿನ್ನೂಣಂತ ಕಾರು ನಿಲ್ಲಿಸಿದ್ವಿ. ಅಪ್ಪ ಮಗಳು ಇಬ್ಬರೂ ಖುಷೀಲೆ ಇದ್ರು. ಅಕಿ "ಅಪ್ಪಾ, ನಿಮಗ ಖಾರ ಆಗೂದಿಲ್ಲ, ನನ್ನ ಕಡೆ ಕೊಡ್ರಿ," ಅಂತ ಅವರ ತಾಟಿನ್ಯಾಗಿಂದ ಮಿರ್ಚಿ ಕಸಗೊಂಡ್ಲು. ಚಾ ಬಂತು. ಇವರು ಫೋನು ತಗದು ಹುಬ್ಬಳ್ಳಿ ಬೀಗರಿಗೆ ಹಚ್ಚಿದ್ರು.

"ಶರಣ್ರಿ ಬೀಗರ. ಅಪ್ಪಣಿ ಆತ್ರಿ. ಹೂಂ, ಬಲಕ್ಕ. ದಸರೆಕ್ಕ ಬಂದು ಕರಕೊಂಡು ಹೋಗ್ರಿ."

ಮಗಳ ಕೈಯಾಗಿನ ಮಿರ್ಚಿ ಕೈಯಾಗ ಉಳೀತು.

"ಅಪ್ಪಾ, ನೀವು ಏನ್ ಕೇಳಿದ್ರಿ?"

"ಏನಂದ್ರ? ಮಗಳನ್ನ ಕಳಸಲೇನು ಅಂತ ಕೇಳಿದೆ."

"ನಾ ಇಲ್ಲೇ ಇರ್ಲೇನು ಅಂತ ಕೇಳಿದ್ನೆಲ್ರಿ!"

ಗಿರಮಿಟ್ಟಿನಾಂವ ನಮ್ಮ ಕಡೆ ತಿರುಗಿ ನೋಡಿದ. ಇಬ್ಬರೂ ಕೂಡೇ ನನ್ನ ಮಾರಿ ನೋಡಿದ್ರು. ನಾ ಹೇಳಿದ ಕಡೆ ಹೂವು ವಾಲ್ತದ ಅಂತ ಅವರಿಗೆ ಅನಿಸಿರಬೇಕು.

"ನಾ ಹೂವ ಬೀಳಬ್ಯಾಡ ಅಂತ ಕೇಳಿದ್ದೆ," ಅಂದೆ.

"ಹುಚ್ಚಿ ಇದ್ದೀಯೇನು? ಹಂಗ ಯಾರರ ಕೇಳ್ತಾರ?" ಅಂದ್ರು ನಮ್ಮನಿಯವರು. ನನಗ ನಗು ಬಂತು, ಹಿಂದಿಂದ ಅಳು ಬಂತು. ಅಷ್ಟು ವರ್ಷ ಪ್ರಸಾದ ಕೇಳಿದ ಮನಿತನ ನಮ್ಮದು. ಕೇಳೂಕಿಂತ ಮೊದಲು ಏನ್ ಕೇಳೂದು ಅಂತ ಒಬ್ಬರಿಗೊಬ್ಬರು ಕೇಳಿಕೋಬೇಕು ಅಂತ ಒಬ್ಬರಿಗೂ ಹೊಳದಿರಲಿಲ್ಲ.

ಅಲ್ಲಿಂದನ ಕಾರು ಹೊಳ್ಳಿಸಿ ಗುಡಿಗೆ ಹೋದ್ವಿ. ಅಯ್ಯನವರು ಬಾಗಲಾ ಹಾಕಾಕತ್ತಿದ್ರು. ಕೇಳಿ ತಲಿ ಕೆರಕೊಂಡ್ರು. "ಒಬ್ಬರು ಕೇಳಬೇಕ್ರಿ ಎಪ್ಪಾ. ಮೂರು ಮಂದಿ ಮೂರು ಕೇಳಿದ್ರ ಅದು ಯಾರಿಗೆ ಕೊಟ್ಟದ್ದು ಅಂತ ನಾ ಹೆಂಗ ಹೇಳ್ಲಿ?"

"ಇನ್ನೊಮ್ಮೆ ಹಚ್ರಿ ಹಂಗಾರ," ಅಂದೆ ನಾನು.

"ತಂಗೀ, ಕೊಟ್ಟದ್ದನ್ನ ತಿರುಗಿ ಕೇಳಬಾರದಂತ ನಿಮ್ಮ ಅತ್ತೀನ ನನಗ ಹೇಳ್ತಿದ್ರು." ನಮ್ಮತ್ತಿ ಸತ್ತ ಮ್ಯಾಲೂ ಗುಡಿ ಬಾಗಲದಾಗ ನಿಂತಿದ್ರು ನೋಡ್ರಿ.

ಮನ್ಯಾಗ ಆಮ್ಯಾಲ ನಡದದ್ದು ಜಗಳ ಅನ್ನಾಕೂ ಬರೂದಿಲ್ಲ. ಒಬ್ಬರೂ ದನಿ ಏರಿಸಲಿಲ್ಲ. ಇವರು ಅಂತಿದ್ರು, "ಮನಿ ಯಜಮಾನ ಕೇಳಿದ್ದಕ್ಕ ದೇವರು ಕೊಡೂದು." ಅಕಿ ಅಂತಿದ್ಲು, "ಬಾಳೇ ನಂದಲ್ರಿ ಅಪ್ಪಾ? ನೀವು ನಂಬಿ ಕೇಳಿದ್ಹಂಗ ನಾನೂ ನಂಬೇ ಕೇಳೇನಿ." ಆದ್ರ ಬೀಗರಿಗೆ ಮಾತು ಕೊಟ್ಟಾಗಿತ್ತು. ದೇವರ ಹೆಸರು ತಗೊಂಡು ಕೊಟ್ಟ ಮಾತು. ವ್ಯಾಪಾರದಾಗ ಒಮ್ಮೆ ಆಡಿದ ಮಾತಿಗೆ ಎರಡು ಆಡಿದವರಲ್ಲ ಇವರು.

ನನ್ನ ಪರಿಸ್ಥಿತಿ ಕೇಳಬ್ಯಾಡ್ರಿ. ಬಿಸಿ ತುಪ್ಪ, ನುಂಗಾಕೂ ಬರೂದಿಲ್ಲ ಉಗಳಾಕೂ ಬರೂದಿಲ್ಲ. ಅಕಿಗೆ ಬಿದ್ದ ಹೂವು ಆಗಿದ್ರ, ಕಳಸಿ ದೇವರ ಮಾತು ಮುರದ್ಹಂಗ. ಇವರಿಗೆ ಬಿದ್ದದ್ದಾಗಿದ್ರ, ಇಟ್ಟುಕೊಂಡು ಮುರದ್ಹಂಗ. ಒಂದು ವರ್ಗದ ಹುಡುಗರನ್ನೆಲ್ಲಾ ಒಂದ ಕೂಗಿಗೆ ಸುಮ್ಮನ ಕುಂದರಸ್ತಿದ್ದಾಕಿ ನಾನು. ನನ್ನ ಮನ್ಯಾಗ ನನಗ ಒಂದು ಮಾತು ಹುಟ್ಟಲಿಲ್ಲ. ರಾತ್ರಿ ಹಗಲು ಒಂದ ಕೇಳಿಕೊಂಡೆ: ದಸರೆದಾಗ ಅಳಿಯ ಬಂದಾಗ ಅಕಿ ಜೋಡಿ ಒಂದ, ಒಂದ ಮಾತು ಆಡ್ಲಿ. ಆಡಿದ್ರ ಹೂವು ಇವರಿಗೆ ಬಿದ್ದದ್ದಂತ ತಿಳಕೊಂಡು ಕಣ್ಣು ಮುಚ್ಚಿ ಕಳಸ್ತೇನಿ. ಇದನ್ನ ಮಗಳಿಗೂ ಹೇಳಿದೆ. ಅಕಿ "ಆತವ್ವಾ," ಅಂದ್ಲು.

ಬನ್ನಿ ದಿನ ಸಂಜಿಮುಂದ ಬಂದ್ರು. ಬೀಗರು, ಬೀಗತಿ, ಅಳಿಯ. ಹೊಸಾ ಅಂಗಿ ಹಾಕ್ಕೊಂಡಿದ್ದ, ಮಾರಿ ಸ್ವಲ್ಪ ಇಳದಿತ್ತು. ಅವನನ್ನ ನೋಡಿ ಸಿಟ್ಟೂ ಬಂತು, ಅಯ್ಯೋ ಅಂತನೂ ಅನಸ್ತು. ಬನ್ನಿ ಎಲಿ ಹಂಚೂ ಹಬ್ಬ ಅದು, ವರ್ಷಾನುಗಟ್ಟಲೆ ಮಾರಿ ತಿರುವಿದವರೂ ಅವತ್ತು ಎಲಿ ಕೊಟ್ಟು ಮಾತಾಡ್ತಾರ. ಅಂವ ಮೊದಲು ನಮ್ಮನಿಯವರ ಕೈಯಾಗ ಎಲಿ ಕೊಟ್ಟು ಕಾಲು ಮುಟ್ಟಿದ. "ಬನ್ನಿ ತಗೊಂಡು ಬಂಗಾರದ್ಹಂಗ ಇರೂಣ್ರಿ ಮಾವಾರ." ನನಗೂ ಕೊಟ್ಟ, "ಬಂಗಾರದ್ಹಂಗ ಇರೂಣ್ರಿ ಅತ್ಯಾರ." ದನಿ ಎಷ್ಟು ಛಲೋ ಐತಿ ಅಂತೀರಿ ಅವಂದು!

ಆಮ್ಯಾಲ ಅಕಿ ಮುಂದ ಬಂದು ನಿಂತ. ಎಲಿ ಹಿಡದ ಕೈ ಚಾಚಿದ. ನಾವೆಲ್ಲಾ ಅವನ ಬಾಯಿ ನೋಡಾಕತ್ವಿ.

ಅಕಿ ಕೈ ಮುಂದ ಮಾಡಲಿಲ್ಲ. "ಅನ್ರಿ," ಅಂದ್ಲು ಮೆಲ್ಲಕ. "ಎಲ್ಲಾರಿಗೂ ಅಂದ್ರೆಲ್ಲಾ, ನನಗೂ ಅನ್ರಿ."

ಅಂವ ತುಟಿ ಅಲುಗಿಸಿದ. ನಾ ಖರೇನ ನೋಡಿದೆ, ಏನೋ ಬರಾಕತ್ತಿತ್ತು. ಅಷ್ಟರೊಳಗ ಅಂವ ತಾಯಿ ಕಡೆ ತಿರುಗಿದ. ಬೀಗತಿ ಲಗೂನ ಮುಂದ ಬಂದು, ಅವನ ಕೈಯಾಗಿನ ಎಲಿ ತಗೊಂಡು ನನ್ನ ಮಗಳ ಕೈಯಾಗ ತುರುಕಿ ನಕ್ಕಳು: "ಬನ್ನಿ ತಗೊಂಡು ಬಂಗಾರದ್ಹಂಗ ಇರೂಣು ಅಂತಾನವಾ. ತಗೋ."

ಬೀಗರು "ಹಾಂ, ಆತು ನೋಡ್ರಿ ಇನ್ನ," ಅಂದ್ರು. ನಮ್ಮನಿಯವರೂ "ಆತು, ಆತು," ಅಂದ್ರು. ಮಗಳು ನನ್ನ ಕಡೆ ನೋಡಿದ್ಲು. ನಾ ಹೇಳಬೇಕಾಗಿತ್ತು. ಆದ್ರ ನಾ ಕೇಳಿದ್ದು ಒಂದು ಮಾತು, ಬಂದದ್ದು ಒಂದು ಮಾತು, ಆಡಿದಾಕಿ ಅವರವ್ವ. ಅದನ್ನ ಬಿತ್ತು ಅನ್ಲೇನು, ಬೀಳಲಿಲ್ಲ ಅನ್ಲೇನು? ನಮ್ಮನಿಯವರು ಬೀಗರ ಮುಂದ ಎರಡೂ ಕೈ ಜೋಡಿಸಿಕೊಂಡು ನಿಂತಿದ್ರು. ಅಕಿ ಆ ಕೈ ನೋಡಿದ್ಲು. ಒಳಗ ಹೋಗಿ ಬ್ಯಾಗ ತಗೊಂಡು ಬಂದ್ಲು.

ಉಡಿ ತುಂಬಿದೆ. ಹೊಸ್ತಿಲಾ ದಾಟೂ ಮುಂದ ಅಪ್ಪನ ಕಾಲು ಮುಟ್ಟಿ, "ಬರ್ತೇನ್ರಿ ಅಪ್ಪಾ," ಅಂದ್ಲು.

ಈಗ ದಿನಾ ಸಂಜಿಗೆ ಡ್ಯೂಟಿ ಮುಗಿಸಿ ಸತ್ತೂರಿನ ಸ್ಟಾಪಿನಿಂದ ನನಗ ಫೋನ್ ಮಾಡ್ತಾಳ. ಅದು ರೋಡಿನ ನಡುವ ಇರೂ, ಎರಡೂ ಕಡೆ ಗಾಜಿನ ಬಾಗಲಾ ಇದ್ದ ಸ್ಟಾಪು; ಅಲ್ಲಿ ನಿಂತ್ರ ಒಂದು ಬಾಗಲಕ್ಕ ಹುಬ್ಬಳ್ಳಿ ಬಸ್ಸು, ಎದುರಿನ ಬಾಗಲಕ್ಕ ಧಾರವಾಡ ಬಸ್ಸು. ಯಾವ ಬಾಗಲಾ ತೆರೀತು ಅಂತ ನಾ ಫೋನಿನ್ಯಾಗ ಕಿವಿ ಕೊಟ್ಟು ಕೇಳ್ತಿರ್ತೇನಿ. "ಮಾತಾಡಿದ್ನೇನು?" ಅಂತ ಮೊದಮೊದಲು ಕೇಳ್ತಿದ್ದೆ. "ಇಲ್ಲವ್ವಾ." ಈಗ ಕೇಳೂದು ಬಿಟ್ಟೇನಿ. ದೀಪಾವಳಿಗೆ ಕರದ್ರ ಡ್ಯೂಟಿ ಐತಿ ಅಂದ್ಲು. ಊಟಾ ಆತೇನು, ಸಂಕ್ರಮಣಕ್ಕ ಕುಸುರೆಳ್ಳು ಕಳಸಲೇನು, ಇಷ್ಟ ನಮ್ಮ ಮಾತು. ಕಡೀಕ ಒಂದು ಮಾತು ಇರ್ತದ: "ಅಪ್ಪಗ ಬಿಪಿ ಗುಳಿಗಿ ಬಿಡಬ್ಯಾಡಂತ ಹೇಳು."

ಇವರು ಬಾಜೂಕನ ಕುಂತಿರ್ತಾರ. "ತಗೊಂಡೇನಂತ ಹೇಳು," ಅಂತಾರ. ನಾ ಹೇಳ್ತೇನಿ.

ಇದು ಏನಂತ ನನಗ ಲಗೂ ತಿಳೀಲಿಲ್ಲ. ಒಂದಿನ ಒಲಿ ಮ್ಯಾಲ ಹಾಲಿತ್ತು, "ತಡಿ, ಅಪ್ಪಗ ಕೊಡ್ತೇನಿ, ನೀನ ಹೇಳು," ಅಂತ ಫೋನು ಇವರ ಕೈಯಾಗ ಕೊಟ್ಟೆ. ಇವರು ಅವಸರದಾಗ ಚಸ್ಮಾ ಸರಿ ಮಾಡಿಕೊಂಡ್ರು, ಫೋನಿಗೆ ಚಸ್ಮಾ ಯಾಕ ಬೇಕೋ. "ಹೇಳವಾ," ಅಂದ್ರು. ಕಟ್ ಆಗಿತ್ತು. ಬಸ್ಸು ಬಂದಿರಬೇಕಂದೆ. ಮರದಿನಾ ಕೊಟ್ಟೆ, ಮತ್ತ ಬಸ್ಸು ಬಂತು. ಸತ್ತೂರಿಗೆ ಅಷ್ಟು ಬಸ್ಸು ಎಲ್ಲಿಂದ ಬರ್ತಾವ? ಬನ್ನಿ ದಿನ "ಬರ್ತೇನ್ರಿ ಅಪ್ಪಾ" ಅಂದದ್ದ ಕಡೀ ಮಾತು. ಅಲ್ಲಿ ಕಲತದ್ದನ್ನ ಅಕಿ ಇಲ್ಲಿಗೆ ತಂದಿದ್ಲು. ಬೈಯೂದಿಲ್ಲ, ಸಿಟ್ಟು ಮಾಡೂದಿಲ್ಲ, ಗುಳಿಗಿ ಮರಿಯಾಕ ಬಿಡೂದಿಲ್ಲ. ಮಾತಾಡೂದಿಲ್ಲ.

ನಾ ಅಕಿಗೆ ಬೈಲೇನು? "ಅಪ್ಪನ ಜೋಡಿ ಮಾತಾಡ" ಅಂತ ಒಮ್ಮೆ ಅಂದೆ. "ಯಾಕವ್ವಾ, ನಾ ಏನ್ ಅವರಿಗೆ ಹೊಡದೇನೇನು?" ಅಂದ್ಲು.

ಹೋದ ಸೋಮವಾರ ನಮ್ಮನಿಯವರು ನನಗೂ ಹೇಳಲಾರದ ಒಬ್ಬರ ಗಬ್ಬೂರಿಗೆ ಹೋಗಿದ್ರು. ಮುಂಜಾನೆ ಹೋದವರು ಊಟದ ಹೊತ್ತು ಮೀರಿ ಬಂದ್ರು. ಅಂಗಿ ಬೆನ್ನೆಲ್ಲಾ ಬೆವರಿತ್ತು. ನೀರು ಕೊಟ್ಟೆ, ಕುಡೀಲಿಲ್ಲ, ಹಿಡಕೊಂಡು ಕುಂತ್ರು.

"ಮಗಳು ನನ್ನ ಜೋಡಿ ಮಾತಾಡ್ತಾಳೇನು ಅಂತ ಕೇಳಿದೆ," ಅಂದ್ರು. ಗುಡ್ಯಾಗ ಏನ್ ಕೇಳಿದ್ವಿ ಅಂತ ಯಾರೂ ಕೇಳಲಾರದ ತಾವಾಗಿ ಬಾಯಿ ಬಿಟ್ಟು ಹೇಳಿದ್ದು ನಮ್ಮ ಮನ್ಯಾಗ ಅವರ ಮೊದಲು. "ಹೂವ ಬೀಳಲಿಲ್ಲ. ಹಚ್ಚಿದ ನೀರು ಆರಿ, ಹೂವು ಬಾಡಿ ಅಲ್ಲೇ ಅಂಟಿಕೊಂಡ್ವು. ಅಯ್ಯನವರು ಎದ್ದು ಬರ್ರಿ ಅಂದ್ರು. ನಾ ಎದ್ದು ಬರಲಿಲ್ಲ." ನನ್ನ ಮಾರಿ ನೋಡಿದ್ರು. "ನೀ ಅವತ್ತು ಕೇಳಿದ್ದೆಲ್ಲಾ, ಬೀಳಬ್ಯಾಡಂತ. ಈಗ ಕೊಟ್ಟ ನೋಡು."

ಅವರು ಚುಚ್ಚಿ ಅಂದದ್ದಲ್ಲ. ಅದಕ್ಕ ನನಗ ಕುಂತಲ್ಲೇ ಅಳು ಬಂತು.

ಸಂಜಿಗೆ ಫೋನು ಬಂತು. ನನ್ನ ಫೋನು ಅವರ ಕೈ ಹತ್ತಿರನ ಇತ್ತು. ಎತ್ತಿಕೊಂಡ್ರು, ಹೆಸರು ನೋಡಿದ್ರು, ಬಡಕೊಳ್ಳೂದನ್ನ ಹಂಗ ಹಿಡದು ನನ್ನ ಕಡೆ ಚಾಚಿದ್ರು.

"ಅಪ್ಪ ಉಂಡಾರಂತ ಹೇಳು," ಅಂದ್ರು.